ಗ್ಯಾನಮ್ಮನ ಹೆಸರಿನ ಗ್ಯಾಸು

ಕಾಗದದ ಮೇಲೆ ಗ್ಯಾನಮ್ಮನಿಗೆ ಐದು ದನಗಳಿದ್ದವು. ಎರಡು ಎಮ್ಮೆ, ಒಂದು ಆಕಳು, ಒಂದು ಜೋಡಿ ಎತ್ತು. ಅವನ್ನು ಕಟ್ಟಲು ಜಾಗವಿತ್ತು. ಆ ಜಾಗದಲ್ಲಿ ಸರಕಾರದ ಸಹಾಯದಿಂದ ಕಟ್ಟಿದ ಗೋಬರ್ ಗ್ಯಾಸಿನ ಗುಂಡಿ ಇತ್ತು, ಗುಂಡಿಗೊಂದು ಒಲೆ ಇತ್ತು. ಇಷ್ಟೆಲ್ಲ ಇದ್ದದ್ದು ಲಿಂಗಸೂಗೂರಿನ ಕಚೇರಿಯ ಫೈಲಿನೊಳಗೆ. ಊರಿನಲ್ಲಿ ಗ್ಯಾನಮ್ಮನಿಗೆ ಇದ್ದದ್ದು ಒಂದು ಕೋಳಿ. ಅದೂ ಪಕ್ಕದ ಮನೆಯ ಸೂಗಮ್ಮನ ಗುಡಿಸಲಲ್ಲಿ ಮೊಟ್ಟೆ ಇಡುತ್ತಿತ್ತು.

ಮಸ್ಕಿಯಿಂದ ಸಂತೆಕಲ್ಲೂರಿನ ಕಡೆ ಹೋಗುವಾಗ, ಕೈ ಮಾಡಿದರೆ ಮಾತ್ರ ಬಸ್ಸು ನಿಲ್ಲುವ ಊರು ಅದು. ಇಸವಿ ಎಂಬತ್ತೊಂಬತ್ತು. ಊರ ತುದಿಗೆ ವಿರೂಪಾಕ್ಷಪ್ಪ ಗೌಡರ ಮನೆ, ಮನೆಯ ಹಿತ್ತಲಿಗೆ ಅವರ ದನದ ದೊಡ್ಡಿ, ದೊಡ್ಡಿಯ ಗೋಡೆಯಾಚೆ ಒಂದು ಓಣಿ. ಓಣಿ ದಾಟಿದರೆ ಮಾದಿಗರ ಕೇರಿ. ಕೇರಿಯ ಮೊದಲ ಮನೆಯೇ ಗ್ಯಾನಮ್ಮನದು. ಗಂಡ ಸತ್ತು ಆರು ವರ್ಷ. ಮನೆಯಲ್ಲಿ ಆಕೆ, ಮತ್ತೆ ಒಲೆಯ ಹೊಗೆಗೆ ಕಣ್ಣು ಮಂಜಾದ ಅತ್ತೆ ಮುದುಕಮ್ಮ.

ಸಗಣಿಗೆ ಆ ಸೀಮೆಯಲ್ಲಿ ಹೆಂಡಿ ಎನ್ನುತ್ತಾರೆ. ಬೆಳಗಾಗುವ ಹೊತ್ತಿಗೆ ಗೌಡರ ದೊಡ್ಡಿಗೆ ಹೋಗಿ ಹದಿನಾಲ್ಕು ದನಗಳ ಹೆಂಡಿ ಬಳಿಯುವುದು ಗ್ಯಾನಮ್ಮನ ಕೆಲಸ. ಬರಿಗೈಲಿ ಬಳಿಯಬೇಕು. ಪುಟ್ಟಿಗೆ ತುಂಬಬೇಕು. ತಲೆ ಮೇಲೆ ಹೊರಬೇಕು. ಪುಟ್ಟಿ ಸೋರುತ್ತದೆ. ಕಿವಿಯ ಹಿಂದೆ ಇಳಿದು, ಕುತ್ತಿಗೆಗೆ ಇಳಿದು, ಕುಪ್ಪಸದೊಳಗೆ ಹೋಗುತ್ತದೆ. ನಡುನೆತ್ತಿಯ ಕೂದಲು ಪುಟ್ಟಿಗೇ ಸವೆದು ಹೋಗಿತ್ತು. ದಿನಕ್ಕೆ ಎಂಟು ಪುಟ್ಟಿ. ಆರು ಗೌಡರ ತಿಪ್ಪೆಗೆ, ಎರಡು ಗ್ಯಾನಮ್ಮನಿಗೆ. ಕೂಲಿ ಎಂದರೆ ಅದೇ, ಮೇಲೆ ಸುಗ್ಗಿಯಲ್ಲಿ ಒಂದಿಷ್ಟು ಜೋಳ. ಆ ಎರಡು ಪುಟ್ಟಿಯನ್ನು ಕುಳ್ಳು ತಟ್ಟಿ ಒಣಗಿಸಿದರೆ ಮನೆಯ ಒಲೆ ಉರಿಯುತ್ತಿತ್ತು. ಜೋಳದ ನುಚ್ಚು ಬೇಯುತ್ತಿತ್ತು. ಅತ್ತೆಯ ಹೊಟ್ಟೆ ತುಂಬುತ್ತಿತ್ತು.

ಮಧ್ಯಾಹ್ನ ದಾರಿಯ ಹೆಂಡಿ. ಸಂತೆಗೆ ಹೋಗುವ ಬಂಡಿಗಳ ಹಿಂದೆ ಕೇರಿಯ ಹೆಂಗಸರು ಪುಟ್ಟಿ ಹಿಡಿದು ನಡೆಯುತ್ತಿದ್ದರು. ಅವರವರಲ್ಲೇ ಒಂದು ಕಾನೂನಿತ್ತು. ಹೆಂಡಿ ಮೊದಲು ಕಂಡವಳು ಅದಕ್ಕೆ ಹೆಬ್ಬೆಟ್ಟು ಒತ್ತಬೇಕು. ಒತ್ತಿದರೆ ಮುಗಿಯಿತು, ಅದು ಆಕೆಯದು. ಆಕೆ ಒಂದು ಮೈಲಿ ಮುಂದೆ ಹೋಗಿ, ಸಂಜೆ ತಿರುಗಿ ಬಂದು ಎತ್ತಿಕೊಂಡರೂ ಸರಿ, ನಡುವೆ ಇನ್ನೊಬ್ಬಳು ಮುಟ್ಟುವಂತಿಲ್ಲ. ಗಂಡ ಬಿಟ್ಟುಹೋದ ಮೇಲೆ ಜಗಳಗಂಟಿಯಾದವಳೂ, ಹಸಿವಿನಿಂದ ಕಣ್ಣು ಕತ್ತಲೆ ಬಂದವಳೂ ಆ ಕಾನೂನು ಮುರಿದದ್ದಿಲ್ಲ. ಪೊಲೀಸರಿರಲಿಲ್ಲ, ಕೋರ್ಟಿರಲಿಲ್ಲ. ಆದರೂ ನಡೆಯುತ್ತಿತ್ತು.

ಸರಕಾರದ ಕಾನೂನು ಬೇರೆ ತರಹದ್ದು. ಗೋಬರ್ ಗ್ಯಾಸು ಕಟ್ಟಿಸಿರಿ, ಅರ್ಧ ದುಡ್ಡು ನಾವು ಕೊಡುತ್ತೇವೆ ಎಂದು ಅದು ಹಿಂದೆಯೂ ಹೇಳಿತ್ತು. ಸಿಂಧನೂರಿನ ಗೌಸ್‌ಸಾಬ್ ಎಂಬ ಮೇಸ್ತ್ರಿ, ಗುಂಡಿ ಕಟ್ಟುವ ತರಬೇತಿ ಪಡೆದವನು, ನಾಲ್ಕು ವರ್ಷದ ಕೆಳಗೆ ಸೈಕಲ್ ತುಳಿದುಕೊಂಡು ಬಂದು ಗೌಡರ ಕಟ್ಟೆಯ ಮುಂದೆ ನಿಂತಿದ್ದ. ಗೌಡರು ನಕ್ಕಿದ್ದರು.

"ಹೆಂಡಿಯಿಂದ ಚಾ ಕಾಸಿ ಕುಡಿ ಅಂತೀಯೇನಲೇ ಸಾಬಾ?"

ಸಾಬ ಸೈಕಲ್ ಹತ್ತಿ ಹೋದ. ನಾಲ್ಕು ವರ್ಷ ಗೌಡರಿಗೆ ಹೆಂಡಿ ಹೇಸಿಗೆಯಾಗಿಯೇ ಇತ್ತು. ಆಮೇಲೆ ಹೊಸ ಆರ್ಡರು ಬಂತು. ಹರಿಜನರ ಹೆಸರಿನಲ್ಲಿ ಕಟ್ಟಿಸಿದರೆ ಸರಕಾರ ಹೆಚ್ಚುಕಡಿಮೆ ಎಲ್ಲವನ್ನೂ ಕೊಡುತ್ತದೆ. ತಾಲೂಕಿಗೆ ನಲವತ್ತು ಗುಂಡಿಗಳ ಗುರಿ, ಮಾರ್ಚ್ ಒಳಗೆ ಮುಗಿಯಬೇಕು. ಅರ್ಜಿದಾರರಿಗೆ ಐದು ದನ ಇರಬೇಕು, ಅವು ನಿಲ್ಲುವ ಜಾಗ ಇರಬೇಕು. ಐದು ದನ ಇರುವ ಮಾದಿಗರು ಆ ಊರಿನಲ್ಲಿ ಹುಟ್ಟಿರಲಿಲ್ಲ. ಕಾನೂನು ಬರೆದವರಿಗೆ ಅದು ಗೊತ್ತಿರಲಿಲ್ಲವೋ, ಗೊತ್ತಿದ್ದೇ ಬರೆದರೋ, ದೇವರೇ ಬಲ್ಲ. ಬಡವರಿಗೆ ಬಾಗಿಲು ತೆರೆದಿದ್ದೇವೆ ಎಂದರು, ಹೊಸ್ತಿಲನ್ನು ಮಾತ್ರ ಎದೆಯುದ್ದ ಕಟ್ಟಿದರು. ಅದನ್ನು ದಾಟುವ ಕಾಲು ಗೌಡರಿಗಿತ್ತು, ಹೆಸರು ಗ್ಯಾನಮ್ಮನಿಗಿತ್ತು. ಆರ್ಡರು ಓದಿ ಕೇಳಿದ ದಿನವೇ ಗೌಡರಿಗೆ ಹೆಂಡಿಯ ಮೇಲೆ ಪ್ರೀತಿ ಹುಟ್ಟಿತು.

ಗೌಡರ ಕಾರಕೂನ ಪಂಪಣ್ಣ ಗ್ಯಾನಮ್ಮನನ್ನು ಕಟ್ಟೆಯ ಹತ್ತಿರ ಕರೆದ. ಮಸಿಯ ಡಬ್ಬಿಯನ್ನು ನೆಲದ ಮೇಲಿಟ್ಟು ಕಾಲಿನಿಂದ ಆಕೆಯ ಕಡೆ ನೂಕಿದ. ಕಾಗದವನ್ನು ಒಂದು ಕಲ್ಲಿನ ಮೇಲೆ ಹಾಸಿ ಹಿಂದೆ ಸರಿದ.

"ಹೆಬ್ಬೆಟ್ಟು ಒತ್ತು."

"ಯಾವುದರದ್ರಿ ಇದು?"

"ಹೆಂಡಿ ಗ್ಯಾಸಿಂದು. ಒತ್ತು ಸುಮ್ನ."

ಗ್ಯಾನಮ್ಮ ಒತ್ತಿದಳು. ಮೂರು ಕಾಗದ, ಐದು ಕಡೆ. ತಿರುಗಿ ಕೇರಿಗೆ ಬಂದು, ಕೈಯ ಮಸಿ ತೋರಿಸಿ, ನಡೆದದ್ದನ್ನು ಸೂಗಮ್ಮನಿಗೆ ಹೇಳಿದಳು.

"ಗೌಡ್ರ ಹಿತ್ತಲದಾಗ ಹೆಂಡಿ ಗ್ಯಾಸು ಬರ್ತೈತಂತ. ಅದು ನಂದು."

ಸೂಗಮ್ಮ ಬಿದ್ದು ಬಿದ್ದು ನಕ್ಕಳು. "ಹುಚ್ಚಿ ಅದಿಯೇನಬೇ? ದಾರ‍್ಯಾಗಿನ ಹೆಂಡಿಗೆ ಒತ್ತಿದಂಗ ಕಾಗದಕ್ಕ ಒತ್ತಿದ್ರ ನಿಂದಾಗತೈತೇನು?"

"ಆಗದಿದ್ರ ನನ್ನ ಕೈಲೆ ಯಾಕ ಒತ್ತಿಸಿದ್ರು? ಅವರ ಕೈಗೆ ಬೆರಳಿಲ್ಲೇನು?"

ಸೂಗಮ್ಮ ಅದನ್ನು ಕೇರಿಗೆಲ್ಲ ಸಾರಿದಳು. ಒಂದು ವಾರ ಕೇರಿಯ ಹೆಂಗಸರು ಗ್ಯಾನಮ್ಮನನ್ನು "ಗ್ಯಾಸಿನ ಗೌಡ್ತಿ" ಎಂದು ಕರೆದು ಮಜಾ ತೆಗೆದುಕೊಂಡರು.

ಗುಂಡಿ ತೋಡಿದವರು ಕೇರಿಯ ಗಂಡಸರು. ಎರಡು ಆಳೆತ್ತರದಷ್ಟು ಆಳ, ಗರಸು ಮಣ್ಣು, ಕೆಳಗೆ ಕಲ್ಲು. ಗೌಸ್‌ಸಾಬ್ ಬಂದು ಇಟ್ಟಿಗೆಯ ಗುಮ್ಮಟ ಕಟ್ಟಿದ. ಈ ಸಲ ಗೌಡರು ಅವನಿಗೆ ಲೇ ಎನ್ನಲಿಲ್ಲ, ಚಹಾ ಕುಡಿಸಿದರು. ಗುಂಡಿ ತುಂಬಿಸಲು ಹೆಂಗಸರು ಹತ್ತು ದಿನ ಹೆಂಡಿ ಹೊತ್ತರು. ಹೊರುವುದಷ್ಟೇ ಅಲ್ಲ, ನೀರು ಬೆರೆಸಿ ಕಲಸಬೇಕು, ಕಸ ಕಡ್ಡಿ ಆರಿಸಬೇಕು. ಗ್ಯಾನಮ್ಮ ಮೊಣಕಾಲ ತನಕ ಕಲಸುವ ತೊಟ್ಟಿಯಲ್ಲಿ ಇಳಿದು ನಿಲ್ಲುತ್ತಿದ್ದಳು. ನೀರು ಬೇಕಾದರೆ ಕೂಗಬೇಕು. ಹಿತ್ತಲ ಬಾವಿಯನ್ನು ಆಕೆ ಮುಟ್ಟುವಂತಿಲ್ಲ. ಆಳುಮಗ ಬಂದು ಮೇಲಿನಿಂದ ಕೊಡ ಸುರಿಯುತ್ತಿದ್ದ, ಅರ್ಧ ತೊಟ್ಟಿಗೆ, ಅರ್ಧ ಆಕೆಯ ಮೈಗೆ. ಚರ್ಮ ಬಿರಿದು ಉರಿಯುತ್ತಿತ್ತು. ರೊಟ್ಟಿ ಮುರಿಯಲು ಬೆರಳು ಮಡಚುತ್ತಿರಲಿಲ್ಲ.

ಇಪ್ಪತ್ತು ದಿನಕ್ಕೆ ಗ್ಯಾಸು ಬಂತು. ಗೌಡರ ಹೆಂಡತಿ ಪಾರ್ವತೆಮ್ಮ ತಮ್ಮ ಅಡುಗೆಮನೆಯಲ್ಲಿ ಅದರ ಮೇಲೆ ಹಾಲು ಕಾಸಿದರು. ನೀಲಿ ಬೆಂಕಿಯಂತೆ, ಹೊಗೆಯೇ ಇಲ್ಲವಂತೆ, ಪಾತ್ರೆ ಕಪ್ಪಾಗುವುದಿಲ್ಲವಂತೆ. ನೋಡಲು ಊರ ಹೆಂಗಸರು ಬಂದರು. ಗ್ಯಾನಮ್ಮನಿಗೆ ಹಿತ್ತಲಿನಿಂದ ಕಿಟಕಿಯ ಮೂಲಕ ಪಾರ್ವತೆಮ್ಮನ ಬೆನ್ನು ಕಂಡಿತು.

ಮರುದಿನ ಬೆಳಿಗ್ಗೆ ಎಂದಿನಂತೆ ತನ್ನ ಎರಡು ಪುಟ್ಟಿ ಬೇರೆ ಇಟ್ಟಳು. ಪಂಪಣ್ಣ ಬಂದು ಅವನ್ನೂ ತೊಟ್ಟಿಗೆ ಸುರಿ ಎಂದ.

"ಇವು ನನ್ನವ ರೀ."

"ಇನ್ನ ಮ್ಯಾಲ ಇಲ್ಲ. ಗುಂಡಿಗೆ ಎಂಟೂ ಬೇಕು."

"ನಮ್ಮ ಒಲಿಗೇನು ಹಾಕ್ಲಿ?"

"ಗುಡ್ಡ ಐತಲ್ಲ, ಜಾಲಿ ಐತಲ್ಲ," ಎಂದ ಪಂಪಣ್ಣ.

ಹೀಗೆ ಗೌಡರ ಮನೆಯ ಹೊಗೆ ನಿಂತಿತು, ಗ್ಯಾನಮ್ಮನ ಮನೆಯ ಒಲೆಯೂ ನಿಂತಿತು. ದಾರಿಯ ಹೆಂಡಿ ಒಂದು ಹೊತ್ತಿಗೂ ಸಾಲುತ್ತಿರಲಿಲ್ಲ. ಹೆಂಡಿ ಬಳಿದು ಮುಗಿಸಿ, ಮಸ್ಕಿಯ ಗುಡ್ಡದ ಕಡೆ ಎರಡು ಹರದಾರಿ ನಡೆದು, ಜಾಲಿಯ ಮುಳ್ಳು ಕಡಿದು, ಹೊತ್ತು ತರಬೇಕು. ಹಸಿ ಜಾಲಿ ಹತ್ತುವುದಿಲ್ಲ, ಹೊಗೆಯುತ್ತದೆ. ಒಮ್ಮೆ ಅಂಗಾಲಿಗೆ ಮುಳ್ಳು ಮುರಿದು ಮೂರು ದಿನ ಗುಡ್ಡಕ್ಕೆ ಹೋಗಲಾಗಲಿಲ್ಲ. ಆ ಮೂರು ದಿನ ಮುದುಕಮ್ಮ ತಣ್ಣೀರಿನಲ್ಲಿ ಜೋಳದ ಹಿಟ್ಟು ಕಲಸಿ ಕುಡಿದಳು. ಹಲ್ಲಿಲ್ಲದ ಬಾಯಲ್ಲಿ ನಗುತ್ತಲೇ ಕೇಳಿದಳು.

"ನಿನ್ನ ಗ್ಯಾಸಿನ್ಯಾಗ ಒಂದೀಟು ಗಂಜಿ ಕಾಸಿಕೊಂಡು ಬಾರ ಗೌಡ್ತಿ."

ಗ್ಯಾನಮ್ಮನಿಗೆ ನಗು ಬರಲಿಲ್ಲ. ಸಿಟ್ಟು ಬಂತು. ತನ್ನ ಎರಡು ಪುಟ್ಟಿ ಹೋದದ್ದಕ್ಕೆ ಬಂದ ಸಿಟ್ಟು ಅದು. ಹುಟ್ಟಿದಾಗಿನಿಂದ ಯಾರ ಮೇಲೆ ಮಾಡಬೇಕೆಂದು ತಿಳಿಯದೆ ಇಟ್ಟುಕೊಂಡದ್ದೆಲ್ಲ ಅದರ ಜೊತೆ ಸೇರಿಕೊಂಡಿತು.

ಅಷ್ಟರಲ್ಲಿ ಲಿಂಗಸೂಗೂರಿನಿಂದ ಸುದ್ದಿ ಬಂತು. ಸಾಹೇಬರು ತಪಾಸಣೆಗೆ ಬರುತ್ತಾರೆ, ನೋಡಿ ಬರೆದುಕೊಂಡು ಹೋದರೆ ಸಬ್ಸಿಡಿಯ ಕೊನೆಯ ಕಂತು. ಫಲಾನುಭವಿ ಸ್ಥಳದಲ್ಲಿರಬೇಕು.

ಫಲಾನುಭವಿಗೆ ಪಂಪಣ್ಣ ಎರಡು ದಿನ ಪಾಠ ಹೇಳಿಕೊಟ್ಟ.

"ಸಾಹೇಬ್ರು ಏನ ಕೇಳಿದ್ರೂ ನಂದ್ರಿ ಅನಬೇಕು. ದನಾ ಯಾರವು?"

"ನನ್ನವ ರೀ."

"ಗುಂಡಿ?"

"ನಂದ್ರಿ."

"ಒಲಿ?"

"ನಂದ್ರಿ. ಮತ್ತ ನನ್ನ ಎರಡು ಪುಟ್ಟಿ ಹೆಂಡಿ ಪಂಪಣ್ಣೋರ?"

"ಅದನ್ನ ಅಲ್ಲಿ ಅನಬ್ಯಾಡ," ಎಂದ ಪಂಪಣ್ಣ.

ಒಂದು ತೊಡಕಿತ್ತು. ಒಲೆ ಇದ್ದದ್ದು ಪಾರ್ವತೆಮ್ಮನ ಅಡುಗೆಮನೆಯಲ್ಲಿ. ಗ್ಯಾನಮ್ಮನನ್ನು ಅಲ್ಲಿ ನಿಲ್ಲಿಸಿ ಇದು ನಿನ್ನದು ಎನ್ನಿಸಲು ಗೌಡರ ಏಳು ತಲೆಮಾರು ಒಪ್ಪುತ್ತಿರಲಿಲ್ಲ. ಅದಕ್ಕೆ ದೊಡ್ಡಿಯ ಮೂಲೆಯಲ್ಲಿ ನಾಲ್ಕು ತಗಡು ನಿಲ್ಲಿಸಿ ಒಂದು ಅಡುಗೆಮನೆ ಮಾಡಿದರು. ಒಂದು ದಿನದ ಮಟ್ಟಿಗೆ ಒಲೆಯನ್ನು ಅಲ್ಲಿಗೆ ತಂದರು. ಪಾರ್ವತೆಮ್ಮ ಕಟ್ಟುನಿಟ್ಟಾಗಿ ಹೇಳಿದರು.

"ಅಕಿ ದೂರ ನಿಂದರಲಿ. ಅಕಿ ಮುಟ್ಟಿದ ಒಲಿ ನನ್ನ ಅಡಗಿಮನಿಯಾಗ ಬರಂಗಿಲ್ಲ."

ಗ್ಯಾನಮ್ಮ ಮೊಣಕೈ ತನಕ ಕೈಯಾಡಿಸಿ ಕಲಸಿದ ಹೆಂಡಿಯ ಗ್ಯಾಸು ಒಳಗೆ ಹೋಗಿ ಹಾಲು ಕಾಸಬಹುದು. ಗ್ಯಾಸು ಕಣ್ಣಿಗೆ ಕಾಣುವುದಿಲ್ಲವಲ್ಲ. ಕಬ್ಬಿಣಕ್ಕೆ ಮಾತ್ರ ಮೈಲಿಗೆ.

ಜೀಪು ಬಂತು. ಸಾಹೇಬರು ಎಂದರೆ ಮೈಸೂರು ಕಡೆಯ ಒಬ್ಬ ಸಣಕಲು ಮನುಷ್ಯ. ಬಿಸಿಲಿಗೆ ಮುಖ ಸುಟ್ಟಿತ್ತು, ಕೈಯಲ್ಲಿ ಉದ್ದನೆಯ ಫಾರಂ ಇತ್ತು. ಗೌಡರು ಹಾಕಿಸಿದ ಕುರ್ಚಿಯ ಮೇಲೆ ಕೂರದೆ ಕೇಳಿದರು.

"ಗ್ಯಾನಮ್ಮ ಅಂದ್ರೆ ನೀವೇನಾ?"

ಗ್ಯಾನಮ್ಮ ತಿರುಗಿ ಹಿಂದೆ ನೋಡಿದಳು. ಹಿಂದೆ ಎಮ್ಮೆ ನಿಂತಿತ್ತು. ನೀವು ಎಂದದ್ದು ತನಗೇ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ನಲವತ್ತು ವರ್ಷದಲ್ಲಿ ಯಾರೂ ಹಾಗೆ ಕರೆದಿರಲಿಲ್ಲ. ಬೆನ್ನು ತಾನಾಗಿಯೇ ನೆಟ್ಟಗಾಯಿತು.

"ಹೌದ್ರಿ. ನಾನ ರೀ."

"ದನಗಳು ನಿಮ್ಮವೇ?"

"ನನ್ನವ ರೀ."

"ಗುಂಡಿ?"

"ನಂದ್ರಿ."

ಪಂಪಣ್ಣನ ಮುಖ ಅರಳಿತು. ಸಾಹೇಬರು ಒಂದೊಂದಕ್ಕೂ ಗೀಟು ಹಾಕುತ್ತ ಹೋದರು. "ಸರಿ, ಒಲೆ ಹಚ್ಚಿ ತೋರಿಸಿ."

ಪಂಪಣ್ಣ ಕಡ್ಡಿಪೆಟ್ಟಿಗೆ ಹಿಡಿದು ಮುಂದೆ ಬಂದ. "ನಾ ಹಚ್ತೀನ್ರಿ ಸಾಹೇಬ್ರ. ಅಕಿಗೆ ಬರಂಗಿಲ್ಲ."

"ಬರಲ್ವಾ? ಹಾಗಾದ್ರೆ ಉಪಯೋಗ ಯಾರು ಮಾಡ್ತಿದ್ದಾರೆ?" ಸಾಹೇಬರು ಫಾರಂ ಮೇಲೆ ಬೆರಳಿಟ್ಟರು. "ಫಲಾನುಭವಿಯೇ ಹಚ್ಚಿ ತೋರಿಸಿದರು ಅಂತ ಇಲ್ಲಿ ಬರೀಬೇಕು. ಅವರೇ ಹಚ್ಚಲಿ."

ಪಂಪಣ್ಣ ಗೌಡರನ್ನು ನೋಡಿದ. ಗೌಡರು ಒಳಬಾಗಿಲ ಕಡೆ ನೋಡಿದರು. ಬಾಗಿಲ ಸಂದಿಯಲ್ಲಿ ಪಾರ್ವತೆಮ್ಮ ಸೆರಗು ಬಾಯಿಗೆ ಹಿಡಿದು ನಿಂತಿದ್ದರು. ಯಾರೂ ಏನೂ ಹೇಳುವ ಮೊದಲೇ ಗ್ಯಾನಮ್ಮ ಪಂಪಣ್ಣನ ಕೈಯಿಂದ ಕಡ್ಡಿಪೆಟ್ಟಿಗೆ ಕಸಿದು, ಕಡ್ಡಿ ಗೀರಿ, ಒಲೆಯ ಕಿವಿ ತಿರುವಿದಳು. ಗೌಸ್‌ಸಾಬ್ ಪಾರ್ವತೆಮ್ಮನಿಗೆ ಹೇಳಿಕೊಡುವಾಗ ಹಿತ್ತಲಿನಿಂದ ಕೇಳಿಸಿಕೊಂಡಿದ್ದಳು. ಭಗ್ ಎಂದು ಹತ್ತಿತು. ನೀಲಿ ಬೆಂಕಿ. ಹೊಗೆಯಿಲ್ಲ. ತನ್ನ ಕೈಯ ಕೆಲಸವನ್ನು ಆಕೆ ಮೊದಲ ಸಲ ನೋಡಿದಳು. ಬಗ್ಗಿ ಇನ್ನೊಮ್ಮೆ ನೋಡಿದಳು. ಇದನ್ನು ಇಷ್ಟು ದಿನ ನನಗೆ ತೋರಿಸಲಿಲ್ಲವಲ್ಲ ಎಂದುಕೊಂಡಳು.

"ಇದೇ ನಿಮ್ಮ ಅಡುಗೆಮನೆನಾ?" ಎಂದು ಸಾಹೇಬರು ಕೇಳಿದರು.

ತಗಡಿನ ಮೂಲೆ. ಒಂದು ಗಡಿಗೆಯಿಲ್ಲ, ಒಂದು ಹಿಡಿ ಬೂದಿಯಿಲ್ಲ, ಉಪ್ಪಿನ ಡಬ್ಬಿಯಿಲ್ಲ. ನಂದ್ರಿ ಎಂದರೆ ಮುಗಿಯುತ್ತಿತ್ತು. ಸಾಹೇಬರು ಗೀಟು ಹಾಕುತ್ತಿದ್ದರು, ಜೀಪು ಹೋಗುತ್ತಿತ್ತು, ಆಕೆ ಕುಡುಗೋಲು ಹಿಡಿದು ಗುಡ್ಡಕ್ಕೆ ಹೋಗಬೇಕಿತ್ತು. ಗ್ಯಾನಮ್ಮನಿಗೆ ಅತ್ತೆಯ ತಣ್ಣೀರು ಹಿಟ್ಟು ನೆನಪಾಯಿತು.

"ಅಲ್ರೀ," ಎಂದಳು.

ಪಂಪಣ್ಣ ಕೆಮ್ಮಿದ.

"ಇದೊಂದು ನಂದಲ್ರಿ ಸಾಹೇಬ್ರ. ನನ್ನ ಅಡಗಿಮನಿ ಅಲ್ಲೈತ್ರಿ, ಗ್ವಾಡಿ ಆಚಿಕಡಿ. ಉಳದದ್ದೆಲ್ಲ ನಂದು. ದನಾ ನನ್ನವು, ಗುಂಡಿ ನಂದು, ಒಲಿ ನಂದು. ಗೌಡ್ರು ಪುಣ್ಯಾತ್ಮರು, ಎಲ್ಲಾ ಮಾಡಿಕೊಟ್ಟಾರ. ಪೈಪೊಂದು ನಮ್ಮ ಮನಿತನಕ ಬಂದಿಲ್ರಿ."

ಸಾಹೇಬರು ಗೌಡರತ್ತ ತಿರುಗಿದರು. ಗೌಡರು ಬಾಯಿ ತೆರೆದರು. ಆಕೆಯದಲ್ಲ, ನನ್ನದು ಎಂದರೆ ಅರ್ಜಿ ಸುಳ್ಳು, ದನ ಸುಳ್ಳು, ಪಡೆದದ್ದೆಲ್ಲ ವಾಪಸು, ಮೇಲೆ ಕೇಸು. ಆಕೆಯದು ಎಂದರೆ ಆಕೆಯದು.

"ಹೌದ್ರಿ," ಎಂದರು ಕೊನೆಗೆ. "ಪೈಪು... ಉಳದೈತ್ರಿ."

ಸಾಹೇಬರು ದಡ್ಡರಲ್ಲ. ಇಂಥ ತಗಡಿನ ಅಡುಗೆಮನೆಗಳನ್ನು ಅವರು ಆ ವರ್ಷ ಹತ್ತಾರು ನೋಡಿದ್ದರು, ನೋಡಿಯೂ ಗೀಟು ಹಾಕಿದ್ದರು. ಎಲ್ಲೂ ಫಲಾನುಭವಿ ಬಾಯಿ ಬಿಟ್ಟಿರಲಿಲ್ಲ. ಬಿಟ್ಟ ಮೇಲೆ ಬರೆಯದೆ ಇರುವಂತಿರಲಿಲ್ಲ. ಗ್ಯಾನಮ್ಮ ಕೇಳಿದಳೆಂದು ಅವರು ಬರೆದದ್ದನ್ನು ಗಟ್ಟಿಯಾಗಿ ಓದಿದರು. ಘಟಕ, ಒಲೆ ಫಲಾನುಭವಿಯ ಸ್ವತ್ತು. ಐದು ವರ್ಷ ಬೇರೆಯವರಿಗೆ ಕೊಡುವಂತಿಲ್ಲ. ಹದಿನೈದು ದಿನದೊಳಗೆ ಫಲಾನುಭವಿಯ ಮನೆಗೆ ಪೈಪು ಹಾಕಬೇಕು. ಅಲ್ಲಿಯವರೆಗೆ ಕಂತು ತಡೆಹಿಡಿದಿದೆ.

ಸಂಜೆ ಕಟ್ಟೆಗೆ ಕರೆ ಬಂತು. ಗ್ಯಾನಮ್ಮ ಕಟ್ಟೆಯ ಕೆಳಗೆ ನಿಂತಳು. ಗೌಡರ ಕೈಯಲ್ಲಿ ಬಾರುಕೋಲಿತ್ತು.

"ಏನಬೇ ಗ್ಯಾನಿ. ಸೊಕ್ಕು ಬಂತೇನು? ನಂದು ನಂದು ಅಂತೀಯಲ್ಲ, ಯಾವಾಗಿಂದ ನಿಂದು?"

"ಒತ್ತಿದಾಗಿಂದ ರೀ."

"ಏನು?"

"ಹೆಬ್ಬೆಟ್ಟು ಒತ್ತಿದವರದು ಹೆಂಡಿ. ನಮ್ಮ ಕೇರ‍್ಯಾಗ ಹಂಗ ನಡೀತೈತ್ರಿ. ಸರಕಾರದಾಗೂ ಹಂಗ ಐತಂತ ಸಾಹೇಬ್ರು ಓದಿ ಹೇಳಿದ್ರು. ನೀವೂ ಕೇಳಿದ್ರಿ."

"ನಾಳಿಂದ ನನ್ನ ದೊಡ್ಡಿಗೆ ಕಾಲಿಡಬ್ಯಾಡ."

"ಆತ್ರಿ. ನನ್ನ ದನದ ಹೆಂಡಿ ನೀವ ಬಳಕೋರಿ."

ಬಾಯಿಂದ ಬಂದುಬಿಟ್ಟಿತು. ಬಾರುಕೋಲು ಬೀಸಿ ಬಂತು. ಭುಜದ ಮೇಲೆ ಒಂದು, ಬೆನ್ನ ಮೇಲೆ ಒಂದು. ಕುಪ್ಪಸ ಹರಿಯಿತು. ಗ್ಯಾನಮ್ಮ ಅಳಲಿಲ್ಲ. ಓಡಲೂ ಇಲ್ಲ. ನಡೆದುಕೊಂಡೇ ಕೇರಿಗೆ ಬಂದಳು. ಮನೆಯೊಳಗೆ ಬಂದ ಮೇಲೆ ಮಾತ್ರ ನೆಲಕ್ಕೆ ಕೂತುಬಿಟ್ಟಳು. ಮುದುಕಮ್ಮ ಕೈಯಿಂದ ಬೆನ್ನು ತಡವಿ ಬಾಸುಂಡೆ ಎಣಿಸಿದಳು.

"ಎರಡ ಏನು? ನಿನ್ನ ಗಂಡನಿಗೆ ಒಂಬತ್ತು ಬಿದ್ದಿದ್ದವು. ನೀರು ಕೇಳಿದ್ದಕ್ಕ."

ಬಾಗಿಲಲ್ಲಿ ಸೂಗಮ್ಮ ನಿಂತಿದ್ದಳು, ಅವಳ ಹಿಂದೆ ಇನ್ನೂ ನಾಲ್ವರು. ಅವರೆಲ್ಲ ಒಂದಲ್ಲ ಒಂದು ಮನೆಯ ಹೆಂಡಿ ಬಳಿಯುವವರೇ. ಎಲ್ಲ ಮನೆಗಳಲ್ಲೂ ಈಗ ಗ್ಯಾಸಿನ ಮಾತು ಎದ್ದಿತ್ತು, ಎಲ್ಲರ ಪುಟ್ಟಿಗೂ ಕುತ್ತು ಬಂದಿತ್ತು. ಸೂಗಮ್ಮ ಈ ಸಲ ನಗಲಿಲ್ಲ.

"ನಾಳಿಂದ ಯಾರೂ ಗೌಡನ ದೊಡ್ಡಿಗೆ ಹೋಗಂಗಿಲ್ಲ," ಎಂದಳು.

ಗೋಬರ್ ಗ್ಯಾಸಿನ ಗುಂಡಿಗೆ ದಿನಾ ಉಣಿಸಬೇಕು. ಒಂದು ದಿನ ಬಿಟ್ಟರೆ ಸೊರಗುತ್ತದೆ, ವಾರ ಬಿಟ್ಟರೆ ಮಲಗುತ್ತದೆ. ಗೌಡರು ಪಕ್ಕದ ಊರಿಗೆ ಹೇಳಿ ಕಳಿಸಿದರು. ಅಲ್ಲಿಯ ಕೇರಿಯಲ್ಲಿದ್ದದ್ದು ಸೂಗಮ್ಮನ ತವರು, ಯಾರೂ ಬರಲಿಲ್ಲ. ಆಳುಮಗ ಎರಡು ದಿನ ಬಳಿದು, ಮೂರನೆಯ ದಿನ ಜ್ವರ ಎಂದು ಮಲಗಿದ. ದೊಡ್ಡಿಯಲ್ಲಿ ಹೆಂಡಿ ಗೊರಸು ಮುಳುಗುವಷ್ಟಾಯಿತು. ನೊಣ ಗೌಡರ ಅಡುಗೆಮನೆಗೆ ಬಂತು. ನೊಣಕ್ಕೆ ಯಾವ ಬಾಗಿಲೂ ಗೊತ್ತಿಲ್ಲ, ಯಾವ ತಟ್ಟೆಯೂ ಬೇರೆಯಲ್ಲ.

ಒಲೆಯ ಕತೆ ಇನ್ನೂ ಚೆನ್ನ. ತಗಡಿನ ಮೂಲೆಯಲ್ಲೇ ಅದು ಬಿದ್ದಿತ್ತು. ಗೋಮೂತ್ರ ಹಾಕಿ ತೊಳೆದು ಒಳಗೆ ತರೋಣ ಎಂದು ಗೌಡರು ಹೇಳಿ ನೋಡಿದರು. ಪಾರ್ವತೆಮ್ಮ ಒಪ್ಪಲಿಲ್ಲ.

"ಅಕಿ ಕಿವಿ ಹಿಡದು ತಿರುವ್ಯಾಳ. ನಾ ಅದನ್ನ ಮುಟ್ಟಂಗಿಲ್ಲ. ಬೇಕಾದ್ರ ನೀವ ಅಡಗಿ ಮಾಡ್ರಿ."

ಹೀಗಾಗಿ ಗುಂಡಿ ಇದ್ದೂ ಒಲೆ ಇಲ್ಲ, ಒಲೆ ಇದ್ದೂ ಅಡುಗೆಯಿಲ್ಲ. ಗೌಡರ ಮನೆಯಲ್ಲಿ ಮತ್ತೆ ಕಟ್ಟಿಗೆಯ ಹೊಗೆ ಎದ್ದಿತು. ಉಪಾಯ ಹೇಳಿದವನು ಪಂಪಣ್ಣ. ಪೈಪು ಹಾಕಿಬಿಡೋಣ, ಆ ಕೆಟ್ಟ ಒಲೆಯನ್ನು ಅವಳ ಮನೆಯಲ್ಲೇ ಇಡೋಣ, ಸಾಹೇಬರು ನೋಡಿ ಬರೆದುಕೊಂಡು ಹೋಗಲಿ. ಜೀಪು ಊರು ದಾಟಿತೋ, ಪೈಪಿನ ವಾಲು ತಿರುವಿ ಗ್ಯಾಸು ಬಂದ್. ರಾಯಚೂರಿನಿಂದ ಹೊಸ ಒಲೆ ತಂದರಾಯಿತು. ಗೌಡರಿಗೆ ಪಂಪಣ್ಣನ ತಲೆ ಮೆಚ್ಚಿಗೆಯಾಯಿತು. ಪೈಪು ಬರುತ್ತದೆ, ಬಂದು ಗುಂಡಿ ತುಂಬಿಸಿರಿ ಎಂದು ಕೇರಿಗೆ ಹೇಳಿ ಕಳಿಸಿದರು.

ಹೆಂಗಸರು ಬಂದು ತುಂಬಿಸಿದರು. ಗೌಸ್‌ಸಾಬ್ ಪೈಪಿನ ಸುರುಳಿ ಹೊತ್ತು ತಂದ. ವಾಲನ್ನು ದೊಡ್ಡಿಯ ಒಳಗೇ ಕೂರಿಸು ಎಂದು ಗೌಡರು ಅವನಿಗೆ ಹೇಳಿದರು. ಸಾಬ ಗಡ್ಡ ಕೆರೆದುಕೊಂಡ.

"ಹಂಗ ಬರಂಗಿಲ್ರಿ ಗೌಡ್ರ. ಗ್ಯಾಸಿನ್ಯಾಗ ನೀರಿನ ಪಸಿ ಇರ್ತೈತಿ. ಪೈಪಿನ್ಯಾಗ ನಿಂತ್ರ ಗ್ಯಾಸು ಮುಂದ ಹೋಗಂಗಿಲ್ಲ. ಇಳಕಲ ಇದ್ದಲ್ಲಿ ನೀರು ಬಿಡಬೇಕು, ವಾಲು ಅಲ್ಲೇ ಇಡಬೇಕು."

ಇಳುಕಲು ಇದ್ದದ್ದು ಗೋಡೆಯಾಚೆ, ಓಣಿಯಲ್ಲಿ. ಅಲ್ಲಿ ಮೊಣಕಾಲುದ್ದದ ಗುಂಡಿ ತೋಡಿ, ಇಟ್ಟಿಗೆ ಕಟ್ಟಿ, ವಾಲು ಕೂರಿಸಿ, ಮೇಲೆ ಒಂದು ಚಪ್ಪಡಿ ಮುಚ್ಚಿದ. ಅದು ನಿಜಕ್ಕೂ ನೀರಿನ ಸಲುವಾಗಿಯೋ, ನಾಲ್ಕು ವರ್ಷದ ಹಿಂದಿನ ಲೇ ಸಲುವಾಗಿಯೋ, ಗ್ಯಾನಮ್ಮ ಕೇಳಲಿಲ್ಲ. ಸಾಬನೂ ಹೇಳಲಿಲ್ಲ. ಹೋಗುವಾಗ ಅವಳ ಒಲೆಯ ಮುಂದೆ ಕೂತು, ಗಾಳಿ ಬಿಡುವ ಬಗೆ ತೋರಿಸಿ, ಒಂದೇ ಮಾತು ಹೇಳಿದ.

"ವಾಲಿನ ಕಡಿ ಲಕ್ಷ್ಯ ಇರಲಿ ಗ್ಯಾನವ್ವ."

ಹದಿಮೂರನೆಯ ದಿನ ಜೀಪು ಬಂತು. ಸಾಹೇಬರು ಕೇರಿಗೆ ನಡೆದು ಬಂದು, ಬಗ್ಗಿ, ಗ್ಯಾನಮ್ಮನ ಮನೆ ಹೊಕ್ಕರು. ಒಲೆಯ ಮೇಲೆ ನುಚ್ಚಿನ ಗಡಿಗೆ ಕೂತಿತ್ತು. ಮುದುಕಮ್ಮ ಮಂಜುಗಣ್ಣಿನಿಂದ ನೀಲಿ ಬೆಂಕಿಯನ್ನೇ ನೋಡುತ್ತಿದ್ದಳು. ಉರಿಯುವುದು ಕಾಣುತ್ತದೆ, ಹೊಗೆ ಯಾಕೆ ಬರುತ್ತಿಲ್ಲ ಎಂದು ಸಾಹೇಬರನ್ನೇ ಕೇಳಿದಳು. ಅವರು ಗೀಟು ಹಾಕಿ, ರುಜು ಮಾಡಿ, ಒಂದು ತಿಂಗಳು ಬಿಟ್ಟು ಮತ್ತೆ ನೋಡಲು ಬರುತ್ತೇನೆ ಎಂದು ಹೇಳಿ ಹೋದರು. ಜೀಪಿನ ಧೂಳು ಮಸ್ಕಿಯ ದಾರಿಗೆ ತಿರುಗಿತು.

ಧೂಳು ಇಳಿಯುವ ಮೊದಲೇ ಪಂಪಣ್ಣ ಕೈಯಲ್ಲಿ ವಾಲು ತಿರುವುವ ಪಾನಾ ಹಿಡಿದು ಓಣಿಗೆ ಬಂದ. ಬಂದು ನೋಡಿದರೆ ಚಪ್ಪಡಿಯ ಮೇಲೆ ಗ್ಯಾನಮ್ಮ ಕೂತಿದ್ದಳು. ಕಾಲು ಚಾಚಿ, ಸೆರಗು ತಲೆಗೆ ಹೊದ್ದು, ಎಲೆ ಅಡಿಕೆ ಹಾಕಿಕೊಂಡು.

"ಏಳು. ವಾಲು ನೋಡಬೇಕು."

"ವಾಲು ಚಲೋ ಐತ್ರಿ."

"ಏಳಂತೀನಿ."

"ನಾ ಏಳಂಗಿಲ್ಲ."

ಪಂಪಣ್ಣ ಅತ್ತಿತ್ತ ನೋಡಿದ. ಪಾನಾ ಕೈಯಲ್ಲಿತ್ತು, ವಾಲು ಗ್ಯಾನಮ್ಮನ ಕೆಳಗಿತ್ತು. ಎಬ್ಬಿಸಬೇಕೆಂದರೆ ಮುಟ್ಟಬೇಕು. ಪಂಪಣ್ಣ ಓಡಿ ಹೋಗಿ ಗೌಡರನ್ನು ಕರೆತಂದ. ಗೌಡರು ಬಾರುಕೋಲು ಹಿಡಿದು ಬಂದರು. ಅವರ ಹಿಂದೆ ಊರಿನವರು ಬಂದು ಗೋಡೆಯ ಉದ್ದಕ್ಕೂ ನಿಂತರು. ಈ ಕಡೆ ಕೇರಿಯವರು ಬಂದು ನಿಂತರು.

"ಎಳದು ಹಾಕ್ರಲೇ ಅಕೀನ," ಎಂದರು ಗೌಡರು.

ಯಾರೂ ಮುಂದೆ ಬರಲಿಲ್ಲ. ಹಾಡುಹಗಲು, ಊರೆಲ್ಲ ನೋಡುತ್ತಿದೆ. ಆಕೆಯ ರಟ್ಟೆ ಹಿಡಿದವನು ಅದೇ ಕೈಯಿಂದ ಮನೆಗೆ ಹೋಗಿ ಹೆಂಡತಿಗೆ ಏನು ಹೇಳಬೇಕು? ಗೌಡರು ಒಬ್ಬೊಬ್ಬರ ಮುಖ ನೋಡಿದರು. ಒಬ್ಬೊಬ್ಬರೂ ನೆಲ ನೋಡಿದರು. ಮುಟ್ಟಬಾರದು ಎಂಬುದನ್ನು ಅವರಿಗೆಲ್ಲ ಕಲಿಸಿದ್ದು ಗೌಡರ ಮನೆತನವೇ, ಅವರು ಚೆನ್ನಾಗಿ ಕಲಿತಿದ್ದರು.

ಗೌಡರು ಬಾರುಕೋಲು ಎತ್ತಿದರು.

"ಹೊಡೀರಿ," ಎಂದಳು ಗ್ಯಾನಮ್ಮ. "ಹೊಡದ್ರೂ ನಾ ಇಲ್ಲೇ ಬೀಳ್ತೀನಿ, ಇದರ ಮ್ಯಾಲ. ಆಮ್ಯಾಲೂ ಎತ್ತಬೇಕಾಗತೈತಿ. ಒಂದು ಮಾತು ಕೇಳ್ರಿ ಗೌಡ್ರ. ಗ್ಯಾಸು ಇಬ್ಬರಿಗೂ ಸಾಲತೈತಂತ ಸಾಬ ಹೇಳ್ಯಾನ. ನೀವು ಹೊಸಾ ಒಲಿ ತರ‍್ರಿ, ನಾ ಬ್ಯಾಡ ಅನ್ನಂಗಿಲ್ಲ. ಹೆಂಡಿ ನಾ ಹೊರ‍್ತೀನಿ. ವಾಲು ಬಂದ್ ಆದ ದಿನ ಪುಟ್ಟಿನೂ ಬಂದ್. ಬರೇ ನಂದಲ್ಲ, ಇಡೀ ಕೇರಿದು. ತಿಂಗಳು ಬಿಟ್ಟು ಸಾಹೇಬ್ರು ಬಂದಾಗ ಏನು ತೋರಸ್ತೀರಿ, ನೊಣ ತೋರಸ್ತೀರೇನು?"

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಊರಿನ ಕಡೆಯವರೇ. ಗೌಡರ ಕೈ ಮೇಲೆ ಎತ್ತಿದ್ದು ಎತ್ತಿದಂತೆಯೇ ಇತ್ತು. ಗ್ಯಾನಮ್ಮನ ಬೆನ್ನಿನ ಹಳೆಯ ಬಾಸುಂಡೆಗಳು ಏಟು ಬೀಳುವ ಮೊದಲೇ ಉರಿಯುತ್ತಿದ್ದವು. ಹೆದರಿಕೆಯಿತ್ತು, ಇಲ್ಲವೆಂದರೆ ಸುಳ್ಳು. ಹೆದರಿಕೊಂಡೇ ಕೂತಿದ್ದಳು.

ಗೌಡರು ಕೋಲು ಇಳಿಸಿದರು. "ಎಷ್ಟ ದಿನಾ ಕೂಡ್ತೀ ನೋಡ್ತೀನಿ. ಉಚ್ಚಿಗೆ ಏಳಂಗಿಲ್ಲೇನು? ಹೊಟ್ಟಿ ಹಸಿಯಂಗಿಲ್ಲೇನು?" ಎಂದು ಅಲ್ಲೇ ನಿಂತರು. ಪಂಪಣ್ಣನೂ ಪಾನಾ ಹಿಡಿದು ನಿಂತ.

ಮನೆಯೊಳಗಿಂದ ಮುದುಕಮ್ಮನ ದನಿ ಬಂತು. "ಏ ಗ್ಯಾನಿ, ನುಚ್ಚು ಕುದ್ದಾವು ನೋಡ. ಆರಿದ್ರ ನಾ ಉಣ್ಣಂಗಿಲ್ಲ."

ಸೂಗಮ್ಮ ಗುಂಪಿನಿಂದ ಮುಂದೆ ಬಂದಳು. ಗೌಡರ ಮುಂದೆಯೇ ಹಾದು ಬಂದು, ಸೀರೆ ಎತ್ತಿ ಕಟ್ಟಿ, ಗ್ಯಾನಮ್ಮನ ಪಕ್ಕದಲ್ಲಿ ಚಪ್ಪಡಿಯ ಮೇಲೆ ಕೂತಳು. ಅವಳ ಹಿಂದೆ ಇನ್ನಿಬ್ಬರು ತಮ್ಮ ಸರದಿ ಯಾವಾಗ ಎಂದು ಕೇಳುತ್ತಿದ್ದರು.

"ಸರಕೋ," ಎಂದಳು ಸೂಗಮ್ಮ. "ನಾ ಕೂಡ್ತೀನಿ. ನೀ ಹೋಗಿ ಬಿಸಿ ಬಿಸಿ ಉಂಡು ಬಾ."

ಗ್ಯಾನಮ್ಮ ಎದ್ದು ಉಣ್ಣಲು ಹೋದಳು.